ಸಾಲಿನ ನಡುವಣ ಉಸಿರು

ಧ್ವನಿಮುದ್ರಿತ ಗೀತೆಗಳ ನಮ್ಮ ಲೋಕದಲ್ಲಿ ಸುಶ್ರಾವ್ಯ ಕಂಠಗಳಿಗೆ ಯಾವ ಕಾಲದಲ್ಲೂ ಬರ ಬಂದದ್ದಿಲ್ಲ. ಎತ್ತರಕ್ಕೆ ಸಲೀಸಾಗಿ ಏರಿದ ದನಿಗಳು, ತಗ್ಗಿನಲ್ಲಿಯೇ ಮನೆ ಮಾಡಿಕೊಂಡ ದನಿಗಳು, ಒಂದೇ ಹಾಡಿಗೆ ಮಿಂಚಿ ಮರೆಯಾದ ದನಿಗಳು, ಎಲ್ಲವೂ ನಮ್ಮ ಕಿವಿಗಳನ್ನು ಹಾದುಹೋಗಿವೆ. ಆದರೆ ಮೊದಲು ಮುಖ ಬಂದು, ಆ ಮುಖವನ್ನು ನಾಡೆಲ್ಲ ಕಂಡು ಮೆಚ್ಚಿ, ಬಹುಕಾಲದ ಮೇಲೆ ಅದರ ಸ್ವಂತ ದನಿ ಹಿಂದಿನಿಂದ ನಡೆದುಬಂದು ಅದನ್ನು ಕೂಡಿಕೊಂಡ ಉದಾಹರಣೆ ನಮಗೆ ತಿಳಿದಂತೆ ಒಂದೇ. ಸ್ಟುಡಿಯೋದ ಯಜಮಾನರಿಂದ ಹಿಡಿದು ಬಾಗಿಲು ಕಾಯುವವರವರೆಗೆ ಎಲ್ಲರೂ 'ಅಕ್ಕ' ಎಂದೇ ಕರೆಯುವ ಈ ಹಿರಿಯ ಕಲಾವಿದೆ ಈ ವರ್ಷ ಧ್ವನಿಮುದ್ರಣ ಕೋಣೆಯಿಂದ ನಿವೃತ್ತರಾಗುತ್ತಿರುವ ಹೊತ್ತಿನಲ್ಲಿ, ಅವರಿಗಾಗಿ ಸಿದ್ಧವಾದ ಈ ಅಭಿನಂದನ ಸಂಪುಟದಲ್ಲಿ, ಅವರ ಹನ್ನೊಂದು ಆಲ್ಬಮ್‌ಗಳನ್ನು ಮೊದಲಿನಿಂದ ಕೊನೆಯವರೆಗೆ ಕಿವಿಗೊಟ್ಟು ಕೇಳಿದವರಿಗೆ ಆ ದನಿ ನಡೆದುಬಂದ ದಾರಿಯನ್ನು ನೆನೆಯುವುದು ಒಂದು ಪ್ರಾರ್ಥನೆಯಷ್ಟೇ ಹಿತವಾದ ಕೆಲಸ.

ಅಕ್ಕ ಚಿತ್ರರಂಗಕ್ಕೆ ಬಂದಾಗ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಮೊದಲ ಚಿತ್ರದ ನಿರ್ದೇಶಕರು ಪರೀಕ್ಷೆಗೆಂದು ನಾಲ್ಕು ಮಾತು ಆಡಿಸಿ, "ಮುಖ ಹೂವಿನ ಹಾಗಿದೆ, ದನಿ ಮಾತ್ರ ಗೋದಾಮಿನ ಬಾಗಿಲು ತೆಗೆದ ಹಾಗಿದೆಯಲ್ಲಮ್ಮ" ಎಂದು ನಕ್ಕರಂತೆ. ಆ ಒಂದು ನಗೆಗೆ ಅವರ ಮಾತನ್ನು ಮತ್ತೊಬ್ಬರು ಆಡುವುದೂ, ಅವರ ಹಾಡನ್ನು ಮತ್ತೊಬ್ಬರು ಹಾಡುವುದೂ ನಿಶ್ಚಯವಾಯಿತು. ಹಾಡಿದವರು ಆಗಲೇ ಹೆಸರು ಮಾಡಿದ್ದ ಹಿನ್ನೆಲೆ ಗಾಯಕಿ. ಅಕ್ಕನಿಗಿಂತ ಹದಿನೈದು ವರ್ಷ ಹಿರಿಯರಾದ್ದರಿಂದ ಅವರನ್ನು ಅಕ್ಕ 'ದೊಡ್ಡಕ್ಕ' ಎನ್ನುತ್ತಿದ್ದರು. ಹದಿನಾಲ್ಕು ವರ್ಷ ದೊಡ್ಡಕ್ಕನ ಹಾಡಿಗೆ ಅಕ್ಕ ತುಟಿ ಆಡಿಸಿದರು.

ತುಟಿ ಆಡಿಸುವುದೆಂದರೆ ಹಗುರವಾದ ಕೆಲಸವೆಂದು ತಿಳಿಯುವವರು ಅಕ್ಕನ ಚಿತ್ರಗಳನ್ನು ಇನ್ನೊಮ್ಮೆ ನೋಡಬೇಕು. ಚಿತ್ರೀಕರಣದ ಹಿಂದಿನ ವಾರವೆಲ್ಲ ಅವರು ಮನೆಯ ಕನ್ನಡಿಯ ಮುಂದೆ ಕುಳಿತು ಹಾಡನ್ನು ಹಾಕಿಸಿ ಹಾಕಿಸಿ ಕೇಳುತ್ತಿದ್ದರು. ಸಾಲು ಎಲ್ಲಿ ಏರುತ್ತದೆ, ಎಲ್ಲಿ ಕೊರಳ ನರ ಬಿಗಿಯಬೇಕು, ಎಲ್ಲಿ ಎದೆ ತುಂಬಿ ಭುಜ ಒಂದಿಷ್ಟು ಮೇಲೇಳಬೇಕು ಎಂಬುದನ್ನೆಲ್ಲ ಮೈಗೆ ಕಲಿಸುತ್ತಿದ್ದರು. ದೊಡ್ಡಕ್ಕ ಉಸಿರು ತೆಗೆದುಕೊಂಡ ಕಡೆಯೇ ತಾವೂ ತೆಗೆದುಕೊಳ್ಳುತ್ತಿದ್ದರು. ಕ್ಯಾಮೆರಾ ಎಷ್ಟೇ ಹತ್ತಿರ ಬರಲಿ, ಹಾಡುತ್ತಿರುವುದು ಇವರಲ್ಲ ಎಂದು ಯಾರಿಗೂ ಬೆರಳು ಮಾಡಲಾಗುತ್ತಿರಲಿಲ್ಲ. ಆ ಕಸುಬುದಾರಿಕೆಗೆ ಸಿಕ್ಕ ಬಿರುದು ಮಾತ್ರ ವಿಚಿತ್ರವಾದದ್ದು: ಮಾತೂ ಅವರದಲ್ಲ, ಹಾಡೂ ಅವರದಲ್ಲ ಎಂಬುದನ್ನು ಪತ್ತೆ ಹಚ್ಚಿದ ಒಂದು ಸಿನಿಮಾ ಪತ್ರಿಕೆ ಅವರನ್ನು 'ಮೂಕರಾಣಿ' ಎಂದು ಕರೆಯಿತು. ಆ ಹೆಸರು ಬಾಯಿಂದ ಬಾಯಿಗೆ ಹರಡಿತು.

ಮೂವತ್ತು ದಾಟುತ್ತಿದ್ದಂತೆ ನಾಯಕಿಯ ಪಾತ್ರಗಳು ಕಡಮೆಯಾಗಿ, ನಾಯಕನ ಅತ್ತಿಗೆಯ ಪಾತ್ರಗಳು ಬಂದವು. ಅತ್ತಿಗೆಯರಿಗೆ ನಮ್ಮ ಚಿತ್ರಗಳಲ್ಲಿ ಹಾಡು ಕೊಡುವುದು ಅಪರೂಪ. ಆ ದಿನಗಳಲ್ಲೇ ಕ್ಯಾಸೆಟ್ ಕಂಪನಿಯೊಂದರ ಯಜಮಾನರು ಅವರ ಮನೆಗೆ ಬಂದರು. ಪಾಪ್ ಗೀತೆಗಳ ಆಲ್ಬಮ್ ಒಂದು ತಯಾರಾಗುತ್ತಿದೆ, ಅದರ ಹೊದಿಕೆಗೆ ಅಕ್ಕನ ಮುಖ ಬೇಕು, ಒಳಗಿನ ಹಾಡುಗಳಿಗೆ ಬೇರೊಬ್ಬರ ವ್ಯವಸ್ಥೆಯಾಗಿದೆ ಎಂದರು. ಅಕ್ಕ ಎಲ್ಲವನ್ನೂ ಕೇಳಿಕೊಂಡು ಒಂದೇ ಮಾತು ಹೇಳಿದರು.

"ಹೊರಗೆ ನಾನಿದ್ರೆ ಒಳಗೂ ನಾನೇ ಇರಬೇಕು. ಇಲ್ಲಾಂದ್ರೆ ಹೊದಿಕೆ ಮೇಲೆ ಒಂದು ಹೂದಾನಿ ಹಾಕ್ಕೊಳ್ಳಿ."

ಯಜಮಾನರು ಕಕ್ಕಾಬಿಕ್ಕಿಯಾಗಿ ಅಕ್ಕನ ತಾಯಿಯ ಮುಖ ನೋಡಿದರು. ತಾಯಿ ಮುಲಾಜಿಲ್ಲದ ಹೆಂಗಸು. ಮಗಳೊಂದಿಗೆ ಪ್ರತಿ ಚಿತ್ರೀಕರಣಕ್ಕೂ ಹೋಗಿ, ಮಡಿಲಲ್ಲಿ ಕೈಚೀಲ ಇಟ್ಟುಕೊಂಡು, ಒಂದೇ ಕುರ್ಚಿಯಲ್ಲಿ ಇಡೀ ದಿನ ಕೂರಬಲ್ಲವರು. "ನನ್ನ ಕಡೆ ಏನ್ ನೋಡ್ತೀರಿ? ಮನೇಲಿ ಇವಳ ದನಿ ಕೇಳಿ ಕೇಳಿ ನನ್ನ ಕಿವಿ ಗಟ್ಟಿಯಾಗಿದೆ. ನಿಮ್ಮ ಮಷೀನು ಗಟ್ಟಿ ಇದೆಯೋ ಇಲ್ಲವೋ ನೀವೇ ನೋಡ್ಕೊಳ್ಳಿ" ಎಂದರು. ಒಂದು ಹಾಡು ಹಾಡಿ ನೋಡೋಣ, ಸರಿಹೋಗದಿದ್ದರೆ ಮುಖ ಮಾತ್ರ, ಎಂಬಲ್ಲಿಗೆ ಒಪ್ಪಂದವಾಯಿತು.

ಆ ಮೊದಲ ಧ್ವನಿಮುದ್ರಣದ ದಿನವನ್ನು ಕಂಡವರು ಇಂದಿಗೂ ನೆನೆಸಿಕೊಂಡು ನಗುತ್ತಾರೆ. ಸ್ಟುಡಿಯೋ ಇದ್ದದ್ದು ಮುದ್ರಣಾಲಯವೊಂದರ ಮೇಲಿನ ಮಹಡಿಯಲ್ಲಿ. ಕೆಳಗೆ ಯಂತ್ರ ನಿಂತಾಗ ಮಾತ್ರ ಮೇಲೆ ಹಾಡು. ಹಾಡುವವರ ಕೋಣೆಗೂ ಯಂತ್ರಗಳ ಕೋಣೆಗೂ ನಡುವೆ ದಪ್ಪ ಗಾಜು. ಗಾಜಿನ ಈಚೆ ಧ್ವನಿಮುದ್ರಕರು ಕುಳಿತಿದ್ದರು; ಮಿತಭಾಷಿಗಳಾದ ಅವರನ್ನು ಎಲ್ಲರೂ 'ಮೇಷ್ಟ್ರು' ಎನ್ನುತ್ತಿದ್ದರು. ಹಾಡುವವರಿಗೆ ಧಾಟಿ ತಿಳಿಯಲೆಂದು ಬೇರೆ ಯಾರಾದರೂ ಮೊದಲೇ ಹಾಡಿಟ್ಟ ಮಾದರಿಯನ್ನು ಹೆಡ್‌ಫೋನಿನಲ್ಲಿ ಕೇಳಿಸುವುದು ಅಲ್ಲಿನ ಪದ್ಧತಿ. ಅಂದಿನ ಮಾದರಿಯನ್ನು ಹಾಡಿದ್ದವರು ದೊಡ್ಡಕ್ಕ.

ಸಂಗೀತ ಶುರುವಾಯಿತು. ಗಾಜಿನಾಚೆ ಅಕ್ಕ ತನ್ಮಯರಾಗಿ ಹಾಡುತ್ತಿದ್ದರು. ಕಣ್ಣು ಅರೆಮುಚ್ಚಿತ್ತು, ಕೊರಳ ನರ ಬಿಗಿದಿತ್ತು, ಕೈ ತಾನಾಗಿ ಮೇಲೇಳುತ್ತಿತ್ತು. ಮೇಷ್ಟ್ರ ಮುಂದೆ ದನಿಯ ಮಟ್ಟ ತೋರಿಸುವ ಮುಳ್ಳು ಮಾತ್ರ ಮಲಗಿದಲ್ಲಿಂದ ಏಳಲಿಲ್ಲ. ಅವರು ತಂತಿ ಬದಲಿಸಿದರು. ಮೈಕ್ ಬದಲಿಸಿದರು. ಕೊನೆಗೆ ಯಂತ್ರದ ಹಿಂಬದಿಯ ಹಲಗೆಯ ತಿರುಪುಗಳನ್ನು ಬಿಚ್ಚತೊಡಗಿದರು. ಆಗ ಪಡಸಾಲೆಯ ಕುರ್ಚಿಯಿಂದೆದ್ದು ಬಂದು ಗಾಜಿಗೆ ಮೂಗು ಒತ್ತಿ ನೋಡಿದ ತಾಯಿ, "ಅಯ್ಯೋ, ಮಷೀನು ಯಾಕ್ರೀ ಬಿಚ್ತೀರಾ? ಅದು ಸರಿಯಾಗೇ ಇದೆ. ನಮ್ಮ ಹುಡುಗಿ ಹಾಡ್ತಾನೇ ಇಲ್ಲ, ಬರೀ ತುಟಿ ಆಡಿಸ್ತಿದ್ದಾಳೆ!" ಎಂದರು.

ಹೌದು. ಕಿವಿಯಲ್ಲಿ ದೊಡ್ಡಕ್ಕನ ದನಿ ಬಿದ್ದೊಡನೆ ಹದಿನಾಲ್ಕು ವರ್ಷದ ಅಭ್ಯಾಸ ಎದ್ದು ನಿಂತಿತ್ತು. ತಾವು ಹಾಡುತ್ತಿಲ್ಲವೆಂಬುದು ಸ್ವತಃ ಅಕ್ಕನಿಗೇ ಗೊತ್ತಾಗಿರಲಿಲ್ಲ. ವಿಷಯ ತಿಳಿದಾಗ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಗೋದಾಮಿನ ಬಾಗಿಲಿನಂಥ ಆ ನಗೆ ಮೈಕಿಗೆ ತಾಗಿದ್ದೇ ತಡ, ಮುಳ್ಳು ಕೆಂಪು ಗೆರೆಯವರೆಗೆ ಹಾರಿತು. ಆ ನಗೆಯೇ ಆ ಕಂಠದ ಮೊದಲ ಧ್ವನಿಮುದ್ರಣ. ಮುಂದಿನ ಪ್ರಯತ್ನದಲ್ಲಿ ಹಾಡು ಬಂತು. ಯಜಮಾನರು ಎದ್ದು ನಿಂತು ಕೇಳಿದರು.

ಆಲ್ಬಮ್ ಬಿಡುಗಡೆಯಾಗಿ ಅಂಗಡಿ, ಬಸ್ಸು, ಕ್ಷೌರದ ಮಳಿಗೆಗಳಲ್ಲೆಲ್ಲ ಮೊಳಗಿತು. 'ದಾರಿಯ ದೀಪವೇ ಆರದಿರು, ಬರುವೆ ನಾ ತಡವಾಗಿ' ಎಂದು ಆರಂಭವಾಗುವ ಅದರ ಮೊದಲ ಹಾಡನ್ನು ಹಾಡದ ಬಾಯಿಲ್ಲ ಎಂಬಂತಾಯಿತು. ಆದರೆ ತಿಂಗಳು ಕಳೆಯುವುದರೊಳಗೆ ಅದೇ ಸಿನಿಮಾ ಪತ್ರಿಕೆ, 'ಮೂಕರಾಣಿಗೆ ಸಿಕ್ಕ ಕಂಠ ಯಾರದು?' ಎಂದು ಮುಖಪುಟದಲ್ಲಿ ಕೇಳಿತು. ಹಾಡಿರುವವರು ದೊಡ್ಡಕ್ಕನೇ, ಧ್ವನಿಯನ್ನು ಯಂತ್ರದಲ್ಲಿ ತುಸು ದಪ್ಪ ಮಾಡಿದ್ದಾರೆ, ಕಿವಿಯಿದ್ದವರಿಗೆ ಸಾಲು ಸಾಲಿಗೂ ಗೊತ್ತಾಗುತ್ತದೆ ಎಂದು ಬರೆಯಿತು. ಸಂಕಟದ ಸಂಗತಿಯೆಂದರೆ ಜನ ಅದನ್ನು ನಂಬಿದರು. ಓದಿ ನಂಬಿದವರಿಗಿಂತ ಕೇಳಿ ನಂಬಿದವರೇ ಹೆಚ್ಚು. ಹಾಡನ್ನು ಮತ್ತೆ ಹಾಕಿ, "ಹೌದಲ್ವಾ, ಇದು ದೊಡ್ಡಕ್ಕಂದೇ" ಎಂದು ತಲೆದೂಗಿದರು.

ಯಜಮಾನರಿಗೆ ಇದರಿಂದ ಖುಷಿಯೇ. "ಮಾತಾಡ್ಕೊಳ್ಳಲಿ ಬಿಡಿಯಮ್ಮ, ಮಾತಾಡಿದಷ್ಟೂ ಕ್ಯಾಸೆಟ್ ಓಡುತ್ತೆ" ಎಂದರು. ಅಕ್ಕನ ಪಾಲಿಗೆ ಅದು ಹಾಗಿರಲಿಲ್ಲ. ಹದಿನಾಲ್ಕು ವರ್ಷ ಸುಳ್ಳನ್ನು ನಿಜವೆಂದು ನಂಬಿಸಿದ ಮೇಲೆ ನಿಜವನ್ನು ನಿಜವೆಂದು ನಂಬಿಸಲಾಗುತ್ತಿಲ್ಲವಲ್ಲ ಎಂಬ ಕಸಿವಿಸಿಯಲ್ಲಿ ಅವರು ಎರಡನೆಯ ಆಲ್ಬಮ್ಮಿನ ಮಾತನ್ನೇ ಎತ್ತಗೊಡಲಿಲ್ಲ. ಈ ದನಿ ತಮ್ಮದೆಂದು ಜನ ಒಪ್ಪುವವರೆಗೆ ಮೈಕಿನ ಮುಂದೆ ನಿಲ್ಲುವುದಿಲ್ಲ ಎಂದು ತಾಯಿಗೆ ಹೇಳಿದರು. "ಹಾಗಾದ್ರೆ ಕೂತ್ಕೊಂಡು ಹಾಡು" ಎಂದರು ತಾಯಿ. ಅಕ್ಕನಿಗೆ ಆ ದಿನ ನಗು ಬರಲಿಲ್ಲ.

ಕಡೆಗೆ ಅವರು ದೊಡ್ಡಕ್ಕನ ಮನೆಗೇ ಹೋದರು. ಹಾಡಿದ್ದು ತಾವಲ್ಲವೆಂದು ದೊಡ್ಡಕ್ಕ ಪತ್ರಿಕೆಗೆ ನಾಲ್ಕು ಮಾತು ಹೇಳಿಬಿಟ್ಟರೆ ಸಾಕು ಎಂಬುದು ಅವರ ಲೆಕ್ಕಾಚಾರ. ದೊಡ್ಡಕ್ಕ ಬಾಲ್ಕನಿಯಲ್ಲಿ ಕುಂಡಗಳಿಗೆ ನೀರು ಹಾಕುತ್ತಿದ್ದರು. ಕೈ ಒರೆಸಿಕೊಂಡು ಬಂದು, "ಮೊದಲು ಹಾಡು ಕೇಳಿಸು. ಎಲ್ಲರೂ ನಾನೇ ಹಾಡಿದೀನಿ ಅಂತಾರೆ, ನಾನೇ ಇನ್ನೂ ಕೇಳಿಲ್ಲ" ಎಂದರು. ಟೇಪ್ ರೆಕಾರ್ಡರಿನ ಪಕ್ಕ ಕುಳಿತು ಕಣ್ಣು ಮುಚ್ಚಿ ಒಮ್ಮೆ ಕೇಳಿದರು. ಹಿಂದಕ್ಕೆ ತಿರುಗಿಸಿ ಮೊದಲ ಸಾಲನ್ನು ಮತ್ತೆ ಕೇಳಿದರು. ಆಮೇಲೆ ಅಕ್ಕನ ಕಡೆ ತಿರುಗಿ, "ದನಿ ನಿಂದೇ ಕಣೇ, ಅದರಲ್ಲಿ ಅನುಮಾನ ಇಲ್ಲ. ಉಸಿರು ಮಾತ್ರ ನಂದು" ಎಂದರು.

ಅಕ್ಕನಿಗೆ ಅರ್ಥವಾಗಲಿಲ್ಲ.

"ಕೇಳಿಲ್ಲಿ. 'ದಾರಿಯ' ಅಂತ ಹೇಳಿ ಗುಟುಕು ಉಸಿರು ತಗೊಂಡು, ಆಮೇಲೆ 'ದೀಪವೇ' ಅಂತೀಯ. ಯಾರಾದ್ರೂ ಅಲ್ಲಿ ನಿಲ್ಲಿಸ್ತಾರೇನೆ? ನಾನು ನಿಲ್ಲಿಸ್ತೀನಿ. ಚಿಕ್ಕೋಳಿದ್ದಾಗ ನಂಗೆ ಎದೆ ಕಾಯಿಲೆ. ಆವತ್ತಿಂದ ಉದ್ದ ಸಾಲು ಒಂದೇ ಉಸಿರಲ್ಲಿ ಆಗಲ್ಲ, ಕದ್ದು ಕದ್ದು ತಗೋತೀನಿ. ಜನ ಅದನ್ನೇ ನನ್ನ ಶೈಲಿ ಅಂದ್ರು, ನಾನೂ ಸುಮ್ಮನಾದೆ. ನಿಂಗೇನೇ ಬಂದಿದೆ ರೋಗ? ಎತ್ತಿನ ಥರ ಎದೆ ಇದೆ ನಿಂಗೆ!"

ಅಕ್ಕನಿಗೆ ಆಗ ಹೊಳೆಯಿತು. ಕನ್ನಡಿಯ ಮುಂದೆ ಕೂತು ಕಲಿತದ್ದರಲ್ಲಿ ತುಟಿಯ ಜೊತೆ ಉಸಿರೂ ಸೇರಿತ್ತು; ಕಾಯಿಲೆಯಿಲ್ಲದ ಎದೆಗೆ ಇನ್ನೊಬ್ಬರ ಕಾಯಿಲೆಯ ಉಸಿರು ಅಂಟಿಕೊಂಡಿತ್ತು. ಜನರ ಕಿವಿ ತಪ್ಪಿರಲಿಲ್ಲ. ಅದು ಕೇಳಿದ್ದು ಸರಿಯೇ, ತಿಳಿದದ್ದು ಮಾತ್ರ ಬೇರೆ.

"ನೀನು ಹೇಳಿದ್ರೆ ಪತ್ರಿಕೆಗೆ ಬರೀತೀನಿ. ಆದ್ರೆ ಕಿವಿಗೆ ಕೇಳಿದ್ದನ್ನ ಕಾಗದ ಅಳಿಸಲ್ಲ" ಎಂದ ದೊಡ್ಡಕ್ಕ, ಬಾಗಿಲವರೆಗೆ ಬಂದು ಬೀಳ್ಕೊಡುವಾಗ ಅಕ್ಕನ ಬೆನ್ನಿಗೊಂದು ಏಟು ಕೊಟ್ಟರು. "ಹೋಗು, ನಿನ್ನ ಉಸಿರು ಹುಡುಕ್ಕೋ. ನಂದು ನಂಗೆ ವಾಪಸ್ ಕೊಡು. ಇರೋದೇ ಸ್ವಲ್ಪ, ಅದರಲ್ಲೂ ನೀನು ಪಾಲು ತಗೊಂಡ್ರೆ ಹೇಗೆ?"

ಮರುದಿನವೇ ಅಕ್ಕ ಮೇಷ್ಟ್ರ ಎದುರು ಕುಳಿತು ಈ ವಿಷಯವನ್ನೆಲ್ಲ ಹೇಳಿದರು. ಮೇಷ್ಟ್ರು ಬೆಳೆದದ್ದು ದಿನವೂ ಪದ್ಯ ಓದುವ ಮನೆಯಲ್ಲಿ. ಅವರ ಅಜ್ಜಿ ಬೆಳಗಿನ ಪ್ರಾರ್ಥನೆ ಮುಗಿಸಿ ಗಟ್ಟಿಯಾಗಿ ಪದ್ಯ ಓದುವಾಗ, ಅರ್ಥ ಎಲ್ಲಿ ಕಾಲು ಚಾಚುತ್ತದೋ ಅಲ್ಲಿ ಮಾತ್ರ ಉಸಿರು ನಿಲ್ಲಿಸುತ್ತಿದ್ದರಂತೆ; ಹಾಗಾಗಿ ಅರ್ಥ ಗೊತ್ತಿಲ್ಲದ ಮಕ್ಕಳಿಗೂ ಪದ್ಯ ಅರ್ಥವಾಗುತ್ತಿತ್ತಂತೆ. "ಹಾಡೋದು ಬಿಡಿ. ಮೊದಲು ಓದಿ" ಎಂದರು ಮೇಷ್ಟ್ರು. ಅಷ್ಟು ಉದ್ದದ ಮಾತನ್ನು ಅವರು ಆಡಿದ್ದೇ ಅಪರೂಪವೆಂದು ಅಕ್ಕ ಅದನ್ನು ತಕ್ಷಣ ಒಪ್ಪಿಕೊಂಡರಂತೆ.

ಸ್ಟುಡಿಯೋದ ಮೆಟ್ಟಿಲುಗಳಲ್ಲಿ ಓದು ಆರಂಭವಾಯಿತು. ಕೈಯಲ್ಲಿ ಹಾಡಿನ ಹಾಳೆ ಹಿಡಿದು ಏರುತ್ತ ಇಳಿಯುತ್ತ, ರಾಗವಿಲ್ಲದೆ, ಮಾದರಿಯಿಲ್ಲದೆ, ಬರೀ ಮಾತನ್ನು ಗಟ್ಟಿಯಾಗಿ ಓದಿದರು. ಇಷ್ಟು ವರ್ಷ ಬೇರೆಯವರು ಆಡಿಕೊಟ್ಟ ಮಾತಿಗೆ ಮುಖ ಕೊಟ್ಟವರಿಗೆ ತಮ್ಮ ಬಾಯಲ್ಲೇ ಒಂದು ಸಾಲನ್ನು ಕಡೆಯವರೆಗೆ ಹೇಳುವುದು ಮೊದಮೊದಲು ನಾಚಿಕೆಯಾಯಿತಂತೆ. ಕೆಳಗಿನ ಮುದ್ರಣಾಲಯದ ಅಚ್ಚು ಜೋಡಿಸುವವರು ತಲೆ ಹೊರಗೆ ಹಾಕಿ, "ಯಾರ ಮೇಲಮ್ಮಾ ಇಷ್ಟು ಸಿಟ್ಟು?" ಎಂದು ಕೇಳಿದ್ದೂ ಉಂಟು. ಹಾಡು ಬರೆದ ಕವಿಗಳು ಒಂದು ದಿನ ಮೆಟ್ಟಿಲ ಮೇಲೆ ನಿಂತು ಕೇಳಿ, ಮೂರು ಸಾಲುಗಳನ್ನು ತಾವೇ ಹೊಡೆದುಹಾಕಿ ಬೇರೆ ಬರೆದುಕೊಟ್ಟರು. ಓದಿದಾಗ ಉಸಿರು ಸಿಕ್ಕಿಹಾಕಿಕೊಂಡ ಕಡೆಯೆಲ್ಲ ಅವರಿಗೇ ತಮ್ಮ ಸಾಲು ಒಪ್ಪಿಗೆಯಾಗಲಿಲ್ಲ. ಅಂದಿನಿಂದ ಕೊನೆಯ ಆಲ್ಬಮ್ಮಿನವರೆಗೂ ಅಕ್ಕ ಹೆಡ್‌ಫೋನಿನಲ್ಲಿ ಮಾದರಿಯನ್ನು ಕೇಳಲಿಲ್ಲ, ಓದದೆ ಯಾವ ಹಾಡನ್ನೂ ಹಾಡಲಿಲ್ಲ.

ಎರಡನೆಯ ಆಲ್ಬಮ್ಮಿನ ಕೊನೆಯ ಹಾಡಾಗಿ 'ದಾರಿಯ ದೀಪವೇ' ಮತ್ತೆ ಮುದ್ರಣವಾಯಿತು. ಈ ಸಲ ಒಂದೇ ಮೈಕಿನ ಎರಡು ಬದಿಗೆ ಇಬ್ಬರು ನಿಂತಿದ್ದರು, ಅಕ್ಕ ಮತ್ತು ದೊಡ್ಡಕ್ಕ. ಆಹ್ವಾನ ಅಕ್ಕನದು, "ಬರ್ತೀನಿ, ಆದ್ರೆ ನಿನ್ನ ಜೊತೆ ಓಡೋಕೆ ನಂಗಾಗಲ್ಲ" ಎಂಬ ಷರತ್ತು ದೊಡ್ಡಕ್ಕನದು. ಆ ಹಾಡನ್ನು ಕೇಳಿದವರಿಗೆ ವಿವರಣೆ ಬೇಕಾಗುವುದಿಲ್ಲ. ಒಂದು ದನಿ 'ದಾರಿಯ' ಎಂದು ಗುಟುಕು ಉಸಿರು ಹೀರುವಷ್ಟರಲ್ಲಿ, ಇನ್ನೊಂದು ದನಿ 'ದಾರಿಯ ದೀಪವೇ ಆರದಿರು' ಎಂದು ತುಂಬು ಎದೆಯಿಂದ ಸಾಗಿ, ಅಲ್ಲಿ ನಿಂತು, ಹಿಂದೆ ಬರುವವರಿಗಾಗಿ ಕಾಯುತ್ತದೆ. ಎರಡು ಎದೆ, ಎರಡು ನಡಿಗೆ. ಮುಂದೆಂದೂ ಆ ದನಿ ಯಾರದೆಂದು ಯಾರೂ ಕೇಳಲಿಲ್ಲ. ಪತ್ರಿಕೆ ಕ್ಷಮೆಯಾಚಿಸುವ ಗೋಜಿಗೆ ಹೋಗಲಿಲ್ಲ. ಬೇರೊಬ್ಬ ನಟಿಯ ಮದುವೆಯ ಸುದ್ದಿಗೆ ಹೊರಟುಹೋಯಿತು.

ಮುಂದಿನ ಆಲ್ಬಮ್‌ಗಳ ಕಥೆ ನಾಡಿಗೆ ಗೊತ್ತಿರುವಂಥದು. ಅವುಗಳ ಹಿಂದಿನ ಕೆಲವು ಸಂಗತಿಗಳನ್ನಾದರೂ ಇಲ್ಲಿ ಸ್ಮರಿಸಬೇಕು. ಮಾದರಿ ಹಾಡುವವರ ಹೆಸರನ್ನು ಆಲ್ಬಮ್ಮಿನ ಹೊದಿಕೆಯ ಮೇಲೆ ಹಾಕುವ ರೂಢಿ ಎಲ್ಲೂ ಇರಲಿಲ್ಲ. ತಾವು ಮಾದರಿಯನ್ನು ಕೇಳದಿದ್ದರೂ ವಾದ್ಯದವರಿಗಾಗಿ ಅದನ್ನು ಹಾಡಿದ ಪ್ರತಿಯೊಬ್ಬರ ಹೆಸರನ್ನೂ ಅಕ್ಕ ಹಟ ಹಿಡಿದು ಹಾಕಿಸಿದರು. "ಹೆಸರಿಲ್ಲದೆ ಹಾಡೋದು ಹೇಗಿರುತ್ತೆ ನಂಗೊತ್ತಿಲ್ಲ. ಹಾಡಿಲ್ಲದೆ ಹೆಸರು ತಗೊಳ್ಳೋದು ಹೇಗಿರುತ್ತೆ ಅಂತ ಚೆನ್ನಾಗಿ ಗೊತ್ತು" ಎಂಬುದು ಅವರು ಯಜಮಾನರಿಗೆ ಕೊಟ್ಟ ಕಾರಣ. ಐದನೆಯ ಆಲ್ಬಮ್ಮಿನ ಹೊತ್ತಿಗೆ ಮೇಷ್ಟ್ರ ಬಲಗಿವಿ ಮಂದವಾಗತೊಡಗಿತು. ಕೆಲಸ ಹೋದೀತೆಂದು ಅವರು ಯಾರಿಗೂ ಹೇಳಿರಲಿಲ್ಲ. ತಲೆಯನ್ನು ಒಂದಿಷ್ಟು ವಾಲಿಸಿ ಕೇಳುತ್ತಿದ್ದುದನ್ನು ಅಕ್ಕ ಗಾಜಿನಾಚೆಯಿಂದ ಗಮನಿಸಿದರು. ಮಾರನೆಯ ದಿನದಿಂದ ಹಾಡಿ ಮುಗಿಸಿ ಯಂತ್ರದ ಕೋಣೆಗೆ ಬಂದಾಗಲೆಲ್ಲ ಮೇಷ್ಟ್ರ ಎಡಗಡೆಯೇ ಕುರ್ಚಿ ಹಾಕಿಕೊಂಡರು. ಆಗಷ್ಟೇ ಕಾಲೇಜು ಮುಗಿಸಿದ್ದ ಮೇಷ್ಟ್ರ ಮಗಳನ್ನು ಕೆಲಸ ಕಲಿಯುವ ನೆಪದಲ್ಲಿ ಬಲಗಡೆ ಕೂರಿಸಿದರು. ಮಗಳು ಬಲಗಿವಿಯಾದಳು, ಕಾಲಾಂತರದಲ್ಲಿ ಆ ಸ್ಟುಡಿಯೋದ ಧ್ವನಿಮುದ್ರಕಿಯೂ ಆದಳು. ಈ ಏರ್ಪಾಡಿನ ಬಗ್ಗೆ ಅಕ್ಕ ಮತ್ತು ಮೇಷ್ಟ್ರು ಒಂದು ದಿನವೂ ಬಾಯಿಬಿಟ್ಟು ಮಾತಾಡಿಕೊಳ್ಳಲಿಲ್ಲ.

ಈ ಅಭಿನಂದನ ಸಂಪುಟದೊಡನೆ ಅಕ್ಕನ ಎಲ್ಲ ಹಾಡುಗಳ ಸಂಗ್ರಹವೂ ಹೊರಬರಬೇಕೆಂದು ಕಂಪನಿ ನಿಶ್ಚಯಿಸಿದಾಗ, ಹಳೆಯ ಟೇಪುಗಳನ್ನು ಹೊಸದಾಗಿ ಸಿದ್ಧಪಡಿಸುವ ಹೊಣೆ ಮೇಷ್ಟ್ರ ಮಗಳಿಗೆ ಬಂತು. ಹಳೆಯ ಯಜಮಾನರ ಜಾಗದಲ್ಲಿ ಈಗಿರುವ ಹೊಸಬರ ಸೂಚನೆ ಒಂದೇ: ಎಲ್ಲವನ್ನೂ ಸ್ವಚ್ಛ ಮಾಡಬೇಕು. ಉಸಿರಿನ ಸದ್ದು ಈಗಿನ ಕೇಳುಗರಿಗೆ ಗಲೀಜು ಅನಿಸುತ್ತದೆ, ಕಂಪ್ಯೂಟರಿನಲ್ಲಿ ಅದನ್ನು ಅಳಿಸುವುದು ಕ್ಷಣದ ಕೆಲಸ. ಅವಳು ಮೊದಲ ಆಲ್ಬಮ್ಮಿನ ಮೊದಲ ಹಾಡನ್ನು ಹಾಗೆ ಮಾಡಿ, ಕೆಲಸ ಮುಂದುವರಿಸುವ ಮುನ್ನ ಅಕ್ಕನನ್ನು ಕರೆದಳು.

ಅಕ್ಕ ಬಂದು ಕುಳಿತು ಕೇಳಿದರು. 'ದಾರಿಯ ದೀಪವೇ' ಎಂಬುದು ನಡುವೆ ಏನೂ ಇಲ್ಲದೆ, ಒರೆಸಿಟ್ಟ ನೆಲದ ಹಾಗೆ ನುಣುಪಾಗಿ ಬಂತು. ಒಂದು ಕಾಲಕ್ಕೆ ಈ ಒಂದು ಉಸಿರನ್ನು ಅಳಿಸಬಲ್ಲ ಯಂತ್ರ ಸಿಕ್ಕಿದ್ದರೆ ಅವರು ಅದರ ಕಾಲಿಗೆ ಬೀಳುತ್ತಿದ್ದರು. ದೊಡ್ಡಕ್ಕ ತೀರಿಕೊಂಡು ಆಗ ಎರಡು ವರ್ಷವಾಗಿತ್ತು.

"ಚೆನ್ನಾಗಿದೆ. ಎಲ್ಲಾ ಆಲ್ಬಮ್‌ಗೂ ಹೀಗೇ ಮಾಡ್ಬೇಕಂತಾ?" ಎಂದರು.

"ಹೂಂ ಅತ್ತೆ. ನೀವು ಬೇಡ ಅಂದ್ರೆ ನಾನು ಅವರ ಹತ್ರ ಮಾತಾಡ್ತೀನಿ."

"ಎರಡನೇದರಿಂದ ಈಚೆಗೆ ನಾನೊಬ್ಬಳೇ ಹಾಡಿದ್ದರ ಉಸಿರುಗಳನ್ನ ಬೇಕಾದ್ರೆ ತೆಗೆದುಹಾಕು. ಅವು ನನ್ನವು. ನನ್ನ ಹತ್ರ ಇನ್ನೂ ಇವೆ" ಎಂದ ಅಕ್ಕ ಗಾಜಿನಾಚೆಯ ಖಾಲಿ ಕೋಣೆಯ ಕಡೆ ನೋಡಿದರು. "ಮೊದಲನೇದನ್ನ ಮಾತ್ರ ಮುಟ್ಟಬೇಡಮ್ಮ. ಅವು ದೊಡ್ಡಕ್ಕಂದು. ವಾಪಸ್ ಕೊಡು ಅಂದಿದ್ರು, ಕೊಡೋಕೆ ಆಗಲೇ ಇಲ್ಲ."

ಮೇಷ್ಟ್ರ ಮಗಳು ಅಳಿಸಿದ್ದನ್ನು ಮತ್ತೆ ಇದ್ದಲ್ಲಿಗೆ ತಂದಳು. ಮೊದಲನೆಯದರಲ್ಲಿ ಮಾತ್ರವಲ್ಲ, ಹನ್ನೊಂದರಲ್ಲಿ ಯಾವುದರಿಂದಲೂ ಒಂದು ಉಸಿರನ್ನೂ ತೆಗೆಯುವುದಿಲ್ಲವೆಂದು ಕಂಪನಿಗೆ ಹೇಳಿ, ಹೇಳಿದಂತೆಯೇ ನಡೆದಳು. ಈ ಸಂಪುಟದ ಜೊತೆಗೆ ಓದುಗರ ಕೈ ಸೇರುತ್ತಿರುವುದು ಆ ಸಂಗ್ರಹವೇ. ಮೊದಲ ಹಾಡನ್ನು ಹಾಕಿದವರು 'ದಾರಿಯ' ಎಂಬಲ್ಲಿ ಒಂದಿಷ್ಟು ಕಿವಿಗೊಟ್ಟರೆ, ಈಗ ನಮ್ಮೊಂದಿಗಿಲ್ಲದ ಹಿರಿಯರೊಬ್ಬರು ಇನ್ನೊಬ್ಬರ ಎದೆಯಲ್ಲಿ ನಿಂತು ಗುಟುಕು ಉಸಿರು ತೆಗೆದುಕೊಳ್ಳುವುದು ಕೇಳಿಸುತ್ತದೆ.

ಅಕ್ಕ ಮೈಕಿನಿಂದ ನಿವೃತ್ತರಾದರೂ ಮೆಟ್ಟಿಲುಗಳಿಂದ ನಿವೃತ್ತರಾಗಿಲ್ಲ. ವಾರದಲ್ಲಿ ಎರಡು ದಿನ ಹೊಸದಾಗಿ ಹಾಡಲು ಬರುವವರನ್ನು ಅಲ್ಲಿ ನಿಲ್ಲಿಸಿಕೊಂಡು, ರಾಗ ಬಿಡಿಸಿ, ಬರೀ ಮಾತು ಓದಿಸುತ್ತಾರೆ. ಯಾರಾದರೂ ಅವರನ್ನೇ ಅನುಕರಿಸಿ ಅವರು ನಿಲ್ಲಿಸುವಲ್ಲೇ ನಿಲ್ಲಿಸಿದರೆ, "ಅದು ನಂದು, ವಾಪಸ್ ಕೊಡು" ಎಂದು ಕೈ ಚಾಚುತ್ತಾರೆ. ಆ ಚಾಚಿದ ಕೈ ಇನ್ನೂ ಬಹುಕಾಲ ಆ ಮೆಟ್ಟಿಲುಗಳ ಮೇಲೆ ಹೀಗೇ ತುಂಟತನದಿಂದ ಚಾಚಿರಲಿ. ಆ ತುಂಬು ಎದೆಗೆ ದೇವರು ಉದ್ದುದ್ದ ಸಾಲುಗಳನ್ನೇ ಕರುಣಿಸಲಿ. ಉಸಿರು ತೆಗೆದುಕೊಳ್ಳಲು ಅವರಿಗೆ ಎಂದೂ ಅವಸರವಾಗದಿರಲಿ.